ಎರಡು ಬಳೆಗಳ ನಡುವಿನ ಯುರೇನಿಯಂ

ಮೂಲವಸ್ತುಗಳ ಕೋಷ್ಟಕವನ್ನು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಅದರ ಅಡಿಯಲ್ಲಿ ಪ್ರತ್ಯೇಕವಾಗಿ ಬರೆದಿರುವ ಎರಡು ಸಾಲುಗಳ ನೆನಪು ಇರಬಹುದು. ಪರೀಕ್ಷೆಗೆ ಬಾರವೆಂದು ಅವುಗಳನ್ನು ದಾಟಿ ಹೋಗುವ ವಾಡಿಕೆಯುಂಟು. ಮೇಲಿನ ಸಾಲು ಲ್ಯಾಂಥನೈಡುಗಳದು. ಕೆಳಗಿನದು ಆಕ್ಟಿನೈಡುಗಳದು, ಅಂದರೆ 89ನೆಯ ಆಕ್ಟಿನಿಯಂ ಮೊದಲುಗೊಂಡು 103ನೆಯ ಲಾರೆನ್ಸಿಯಮಿನ ವರೆಗಿನ 15 ಮೂಲವಸ್ತುಗಳದು. ಇವುಗಳಿಗೆ ಲ್ಯಾಂಥನೈಡುಗಳ ಕೆಳಗೆ ಸ್ಥಳ ಕೊಡಬೇಕೆಂದು ಅಮೇರಿಕದ ಗ್ಲೆನ್ ಸೀಬಾರ್ಗ್ ಎಂಬ ವಿದ್ವಾಂಸರು 1944ರಲ್ಲಿ ಸೂಚಿಸಿದರು. ಆದರೆ ಕೆಳಗಿನ ಸಾಲು ಮೇಲಿನದರ ಬರಿಯ ಪ್ರತಿಯೋ, ಅದಕ್ಕೆ ಸ್ವಂತ ಗುಣವೊಂದುಂಟೋ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಉತ್ತರ ಹುಡುಕುವದಕ್ಕೆ ನೆರವಾದ ಒಂದು ವಿಚಿತ್ರ ಅಣುವನ್ನು ಕುರಿತು ಇಲ್ಲಿ ಬರೆಯುತ್ತೇವೆ.

ಮೊದಲು ಕಬ್ಬಿಣದ ಸಂಗತಿ. 1951ರಲ್ಲಿ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಕೀಲಿ ಮತ್ತು ಪಾಸನ್ ಎಂಬವರು ಬೇರೊಂದು ಪದಾರ್ಥವನ್ನು ಮಾಡಲು ಹೋಗಿ, ಕಬ್ಬಿಣ, ಇಂಗಾಲ, ಜಲಜನಕಗಳು ಕೂಡಿದ ಕಿತ್ತಳೆ ಬಣ್ಣದ ಹರಳುಗಳನ್ನು ಪಡೆದರು. ಇವು ಗಾಳಿಯಲ್ಲಿ ಕೆಡಲಿಲ್ಲ. ಕಾಯಿಸಿದರೆ ಸುಮಾರು 173 ಡಿಗ್ರಿಯಲ್ಲಿ ಸುಮ್ಮನೆ ಕರಗಿದವು. ಇದರ ಆಕಾರವನ್ನು 1952ರಲ್ಲಿ ಹಾರ್ವರ್ಡಿನಲ್ಲಿ ವಿಲ್ಕಿನ್ಸನ್ ಮತ್ತು ವುಡ್‌ವರ್ಡ್ ಎಂಬವರೂ ಮ್ಯೂನಿಕ್ಕಿನಲ್ಲಿ ಫಿಷರ್ ಎಂಬವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಐದೈದು ಇಂಗಾಲದ ಪರಮಾಣುಗಳ ಎರಡು ಬಳೆಗಳು ಒಂದರ ಮೇಲೊಂದು ಸಮಾನಾಂತರವಾಗಿ ನಿಂತಿವೆ. ನಟ್ಟನಡುವೆ ಕಬ್ಬಿಣದ ಒಂದು ಪರಮಾಣು. ಪಾಶ್ಚಾತ್ಯರು ತಮ್ಮ ತಿಂಡಿಯ ನೆನಪಿನಿಂದ ಇದಕ್ಕೆ ಸ್ಯಾಂಡ್‌ವಿಚ್ ಎಂದು ಹೆಸರಿಟ್ಟರು. ನಮಗೆ ಬೀಸುವ ಕಲ್ಲೇ ಹೆಚ್ಚು ಒಪ್ಪುವ ಹೋಲಿಕೆಯೆಂದು ತೋರುವದು. ಯಾಕಂದರೆ ಈ ಬಳೆಗಳು ನಡುವಿನ ಗೂಟವನ್ನು ಬಿಡದೆ ತಿರುಗಲೂಬಲ್ಲವು. ಈ ಫೆರೋಸೀನಿಗೂ ಇದರ ಬಂಧುಗಳಿಗೂ ಸಂಬಂಧಿಸಿದ ಕೆಲಸಕ್ಕಾಗಿ ಫಿಷರ್ ಮತ್ತು ವಿಲ್ಕಿನ್ಸನ್ನರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಬ್ಬಿಣವು ಬಳೆಗಳನ್ನು ಹಿಡಿದುಕೊಳ್ಳುವದು ತನ್ನ ಡಿ ಎಂಬ ವರ್ಗದ ಕಕ್ಷೆಗಳಿಂದ. ಕೋಷ್ಟಕದ ಕೆಳಸಾಲುಗಳ ಲೋಹಗಳಲ್ಲಿಯಾದರೋ ಎಫ್ ಎಂಬ ಇನ್ನೊಂದು ವರ್ಗವುಂಟು. ಲ್ಯಾಂಥನೈಡುಗಳಲ್ಲಿ ಈ ಎಫ್ ಎಲೆಕ್ಟ್ರಾನುಗಳು ಪೆಟ್ಟಿಗೆಯ ತಳದಲ್ಲಿಟ್ಟ ಒಡವೆಯಂತೆ ಒಳಗೇ ಇದ್ದು ನೆರೆಯವರ ವ್ಯವಹಾರಕ್ಕೆ ಬಹುಮಟ್ಟಿಗೆ ಬರುವದಿಲ್ಲ. ಆಕ್ಟಿನೈಡುಗಳಲ್ಲಿ ಅವು ತುಸು ಹೊರಕ್ಕೆ ಚಾಚಿವೆ. ಹಾಗಾದರೆ ಅವು ಇಂಗಾಲದೊಡನೆ ಕೈಜೋಡಿಸುವವೋ? ಪರೀಕ್ಷಿಸಬೇಕಾದರೆ ಎಫ್ ಕಕ್ಷೆಗಳ ಆಕಾರಕ್ಕೆ ಹೊಂದುವ ದೊಡ್ಡ ಬಳೆ ಬೇಕು. ಎಂಟು ಇಂಗಾಲಗಳ ಬಳೆ ಅದಕ್ಕೆ ತಕ್ಕದ್ದು.

ಈ ಎಂಟರ ಬಳೆಯ ಚರಿತ್ರೆಯೇ ಸ್ವಾರಸ್ಯವಾದದ್ದು. ಜರ್ಮನಿಯ ವಿಲ್‌ಶ್ಟೆಟರ್ ಎಂಬವರು 1911ರಲ್ಲಿ ದಾಳಿಂಬೆ ಮರದ ತೊಗಟೆಯಲ್ಲಿ ದೊರೆಯುವ ಒಂದು ಕ್ಷಾರಪದಾರ್ಥದಿಂದ ಆರಂಭಿಸಿ, ಮೆಟ್ಟಲು ಮೆಟ್ಟಲಾಗಿ ಇದನ್ನು ಸಿದ್ಧಪಡಿಸಿದರು. ಅದು ಬೆಂಜೀನಿನ ಗುಣವನ್ನು ತೋರಿಸದೆ ಇದ್ದದರಿಂದ, ಅವರಿಗೆ ದೊರೆತದ್ದು ಅದೇ ಸೂತ್ರವುಳ್ಳ ಸ್ಟೈರೀನೇ ಆಗಿರಬೇಕೆಂದು ಕೆಲವರು ಬಹುಕಾಲ ಸಂಶಯಪಟ್ಟರು. 1947ರಲ್ಲಿ ಅಮೇರಿಕದ ಕೋಪ್ ಎಂಬವರು ಅದೇ ದಾರಿಯನ್ನು ಮತ್ತೆ ನಡೆದು ನೋಡಲಾಗಿ, ವಿಲ್‌ಶ್ಟೆಟರರ ಮಾತೇ ಸತ್ಯವೆಂದು ತಿಳಿಯಿತು. ಬೆಂಜೀನಿನ ಗುಣ ಬಾರದ ಕಾರಣವನ್ನು ಹ್ಯೂಕೆಲ್ಲರ 1931ರ ನಿಯಮ ಹೇಳುವದು. ಬಳೆಯ ಸುತ್ತಲೂ ಹರಡುವ ಎಲೆಕ್ಟ್ರಾನುಗಳು 6 ಅಥವಾ 10 ಆದರೆ ಸ್ಥಿರತೆ. 8 ಆದರೆ ಇಲ್ಲ. ಆದಕಾರಣ ಈ ಬಳೆ ಸಮತಟ್ಟಾಗಿರದೆ ದೋಣಿಯಂತೆ ಬಾಗಿರುವದು. ಇನ್ನೆರಡು ಎಲೆಕ್ಟ್ರಾನುಗಳನ್ನು ಕೊಟ್ಟರೆ ಮಾತ್ರ 10 ಆಗಿ ತಟ್ಟೆಯಂತೆ ಹರಡಿಕೊಳ್ಳುವದು.

1968ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ಟ್ರೈಟ್‌ವೈಸರ್ ಮತ್ತು ಮ್ಯೂಲರ್-ವೆಸ್ಟರ್‌ಹಾಫ್ ಎಂಬವರು ಮಾಡಿದ್ದು ಇದನ್ನೇ. ಪೊಟ್ಯಾಸಿಯಂ ಲೋಹದಿಂದ ಬಳೆಗೆ ಎರಡು ಎಲೆಕ್ಟ್ರಾನುಗಳನ್ನು ಕೊಡಿಸಿ, ಅದನ್ನು ಯುರೇನಿಯಂ ಟೆಟ್ರಾಕ್ಲೋರೈಡಿನೊಡನೆ ಕೂಡಿಸಿದರು. ಯುರೇನಿಯಮಿಗೆ ನಾಲ್ಕು ಧನ, ಬಳೆಗೆ ಎರಡರಂತೆ ನಾಲ್ಕು ಋಣ; ಲೆಕ್ಕವು ನಮ್ಮ ಐದನೆಯ ತರಗತಿಯವರೂ ಒಪ್ಪುವಂತೆ ಸರಿಹೋಯಿತು. ಹಸುರು ಹರಳುಗಳು ಬಂದವು. ಫೆರೋಸೀನನ್ನು ನೆನೆದು ಇದನ್ನು ಯುರೇನೋಸೀನ್ ಎಂದರು. ಇದರ ಸ್ವಭಾವ ವಿಪರೀತ: ನೀರು ಇದನ್ನು ಕೆಡಿಸದು, ಗಾಳಿ ತಗಲಿದರೆ ತಾನಾಗಿ ಹತ್ತಿ ಉರಿಯುವದು. ಮರುವರ್ಷ ಝಾಲ್ಕಿನ್ ಮತ್ತು ರೇಮಂಡ್ ಎಂಬವರು ಎಕ್ಸ್-ಕಿರಣಗಳಿಂದ ನೋಡಲು, ಎರಡು ಬಳೆಗಳೂ ಸಮತಟ್ಟಾಗಿ, ಮೇಲಿನ ಪರಮಾಣುಗಳು ಕೆಳಗಿನವುಗಳ ನೇರಕ್ಕೇ ನಿಂತಿದ್ದವು.

ಬಳಿಕ ಥೋರಿಯಂ, ನೆಪ್ಚೂನಿಯಂ, ಪ್ಲೂಟೋನಿಯಂ, ಪ್ರೊಟಾಕ್ಟಿನಿಯಂಗಳಿಗೂ ಇಂಥ ಅಣುಗಳಾದವು. ಥೋರಿಯಂ ನಮಗೆ ಅಪರಿಚಿತವಲ್ಲ. ಮದುವೆಯ ಮೆರವಣಿಗೆಗಳ ಗ್ಯಾಸ್ ದೀಪದ ಬಿಳಿಯ ಬಲೆ ಹೆಚ್ಚಾಗಿ ಅದರ ಆಕ್ಸೈಡೇ ಆಗಿತ್ತು, ಮತ್ತು ತಿರುವಾಂಕೂರಿನ ಕರಾವಳಿಯ ಮೊನಜೈಟ್ ಮರಳಿನಲ್ಲಿ ಅದು ಹೇರಳವಾಗಿದೆ. ಪ್ರೊಟಾಕ್ಟಿನಿಯಮಿನ ಮಾತು ಬಂದಾಗ, ಅದರ ಹೆಚ್ಚು ಕಾಲ ಬಾಳುವ ರೂಪವನ್ನು ಒಟ್ಟೋ ಹಾನರೊಡನೆ ಕಂಡುಹಿಡಿದವರು ಲೀಜೆ ಮೈಟ್ನರ್ ಎಂಬ ಮಹಿಳೆಯೆಂಬದನ್ನು ನಮ್ಮ ಹುಡುಗಿಯರಿಗೆ ಹೇಳದೆ ಬಿಡಲಾರೆವು.

ಇಷ್ಟಾದ ಮೇಲೆ ಮೂಲ ಪ್ರಶ್ನೆ. ಎಫ್ ಎಲೆಕ್ಟ್ರಾನುಗಳೇ ಬಳೆಗಳನ್ನು ಹಿಡಿದಿವೆಯೆಂದು ಆರಂಭದಲ್ಲಿ ಉತ್ಸಾಹದಿಂದ ಹೇಳಿದ್ದುಂಟು. ಅದು ಪೂರ್ಣ ಸತ್ಯವಲ್ಲ. ಡಿ ವರ್ಗದ ಪಾಲೇ ದೊಡ್ಡದು. ಎಫ್ ವರ್ಗದ ಪಾಲು ಚಿಕ್ಕದಾದರೂ ನಿಜವಾದದ್ದು. ಈ ಚಿಕ್ಕ ಪಾಲಿನಿಂದ ಲೋಕಕ್ಕೇನು ಪ್ರಯೋಜನವೆಂದು ತಂದೆತಾಯಿಗಳು ಕೇಳಬಹುದು. ಪರಮಾಣು ವಿದ್ಯುದಾಗಾರಗಳಲ್ಲಿ ಉರಿದು ಉಳಿದ ಇಂಧನದಲ್ಲಿ ಲ್ಯಾಂಥನೈಡುಗಳೂ ಆಕ್ಟಿನೈಡುಗಳೂ ಬೆರೆತಿರುವವು. ಬಹುಕಾಲ ವಿಷಕಿರಣಗಳನ್ನು ಸೂಸುವ ಆಕ್ಟಿನೈಡುಗಳನ್ನು ಬೇರ್ಪಡಿಸಬೇಕಾದರೆ, ಅಕ್ಕಿಯಿಂದ ಅಕ್ಕಿಯ ಬಣ್ಣದ ಕಲ್ಲನ್ನು ಆರಿಸಿದಂತೆ, ಇವೆರಡರ ನಡುವಿನ ಅಲ್ಪ ಭೇದವೇ ಆಧಾರ.

2025ರಲ್ಲಿ ಬರ್ಕ್ಲಿಯ ಪ್ರಯೋಗಶಾಲೆಯವರು, ತಮ್ಮ ಊರಿನಲ್ಲಿಯೇ 1949ರಲ್ಲಿ ಕಂಡುಹಿಡಿಯಲ್ಪಟ್ಟ 97ನೆಯ ಬರ್ಕೀಲಿಯಮನ್ನು ಸ್ವಲ್ಪ ಮಾರ್ಪಡಿಸಿದ ಎಂಟರ ಬಳೆಗಳ ನಡುವೆ ಕೂರಿಸಿದ್ದನ್ನು ಪ್ರಕಟಿಸಿದರು. ಬರ್ಕೀಲಿಯಮಿಗೂ ಇಂಗಾಲಕ್ಕೂ ನಡುವೆ ನಿಶ್ಚಿತವಾಗಿ ಕಂಡ ಮೊದಲ ಬಂಧ ಇದೇ. ಕೋಷ್ಟಕದಲ್ಲಿ ಅದರ ನೇರ ಮೇಲಿರುವ ಟರ್ಬಿಯಂ ಸಾಮಾನ್ಯವಾಗಿ ಮೂರು ಧನಾಂಶಗಳಿಂದ ತೃಪ್ತವಾಗಿರುವದು. ಬರ್ಕೀಲಿಯಂ ಈ ಬಳೆಗಳ ನಡುವೆ ನಾಲ್ಕನ್ನು ಧರಿಸಿ ನಿಂತಿತು. ಅವರ ಕೈಯಲ್ಲಿದ್ದದ್ದು ಒಂದು ಮಿಲಿಗ್ರಾಮಿನ ಮೂರನೆಯ ಒಂದು ಪಾಲಿಗೂ ಕಡಮೆ. ಅದರಲ್ಲಿಯೂ ಅರ್ಧಾಂಶ ಸುಮಾರು 330 ದಿನಗಳಲ್ಲಿ ತಾನಾಗಿ ಕ್ಯಾಲಿಫೋರ್ನಿಯಂ ಆಗಿಬಿಡುವಂಥದು; ಗಾಳಿ ಸೇರದ ಗಾಜಿನ ಪೆಟ್ಟಿಗೆಯೊಳಗೆ ಕೈಚೀಲಗಳ ಮೂಲಕ, ತ್ವರೆಯಿಂದ, ಅವರು ಅದನ್ನು ಹರಳುಗಟ್ಟಿಸಿದರು.