ಜಮಖಾನೆಗೆ ಬೆಲೆ ಎಷ್ಟು?

ನೀವು ಮನೆಯಲ್ಲಿ ಕೌದಿ ಹೊಲಿದಿದ್ದೀರಾ? ಚಾಪೆ ಹೆಣೆದಿದ್ದೀರಾ? ಒಂದು ಕೌದಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? "ಬಿಡುವಾದಾಗ ಹೊಲಿದೆ. ಲೆಕ್ಕ ಯಾರು ಇಟ್ಟರು?" ಅಂತೀರಿ. ಹೌದಲ್ಲವೇ?

ಈ ಪಾಠದಲ್ಲಿ ನಾವು ದೂರದ ದೇಶದ ಹೆಂಗಸರ ವಿಷಯ ಓದೋಣ. ಅವರೂ ನಿಮ್ಮ ಹಾಗೆ ಕೈಕೆಲಸದವರು. ಕುರಿ ಸಾಕುತ್ತಾರೆ. ಉಣ್ಣೆಯಿಂದ ನೂಲು ತೆಗೆಯುತ್ತಾರೆ. ಜಮಖಾನೆ ನೇಯುತ್ತಾರೆ. ಅವರ ಕೆಲಸಕ್ಕೆ ಬಹಳ ಕಾಲ ಬೇರೆಯವರೇ ಬೆಲೆ ಕಟ್ಟಿದರು. ಅದು ಹೇಗೆ? ಆಮೇಲೆ ಏನಾಯಿತು? ಬನ್ನಿ, ನೋಡೋಣ.

ಕೆಂಪು ಬಂಡೆಯ ನಾಡು

ಅಮೆರಿಕ ದೇಶದ ನೈರುತ್ಯ ಮೂಲೆಯಲ್ಲಿ ಒಂದು ಒಣ ನಾಡು ಇದೆ. ಮಳೆ ಬಹಳ ಕಡಿಮೆ. ಎಲ್ಲಿ ನೋಡಿದರೂ ಕೆಂಪು ಬಂಡೆ, ಕೆಂಪು ಮರಳು. ಅಲ್ಲಿ ಡಿನೇ ಎಂಬ ಜನ ಇದ್ದಾರೆ. ಡಿನೇ ಅಂದರೆ ಅವರ ಭಾಷೆಯಲ್ಲಿ 'ಜನ' ಎಂದೇ ಅರ್ಥ. ಹೊರಗಿನವರು ಅವರನ್ನು ನವಾಹೊ ಅನ್ನುತ್ತಾರೆ. ಅವರ ನಾಡು ಸಣ್ಣದಲ್ಲ. ನಮ್ಮ ಕರ್ನಾಟಕವನ್ನು ಮೂರು ಪಾಲು ಮಾಡಿದರೆ, ಒಂದು ಪಾಲಿಗಿಂತ ಸ್ವಲ್ಪ ದೊಡ್ಡದು.

ಆ ನಾಡಿನಲ್ಲಿ ನೀರು ಲಕ್ಷಾಂತರ ವರ್ಷ ಹರಿದು ಬಂಡೆಯನ್ನು ಕೊರೆದಿದೆ. ಹಾಗೆ ಆಳವಾದ ಕಣಿವೆಗಳು ಆಗಿವೆ. ಅಂಥ ಒಂದು ಕಣಿವೆಯ ಹೆಸರು ಕ್ಯಾನ್ಯನ್ ಡಿ ಶೇ. ಕಣಿವೆಯ ಬಾಯಲ್ಲಿ ಬಂಡೆಯ ಗೋಡೆ ಸುಮಾರು 30 ಅಡಿ ಎತ್ತರ. ಒಳಗೆ ಹೋದ ಹಾಗೆ ಅದೇ ಗೋಡೆ 1,000 ಅಡಿ ಆಗುತ್ತದೆ. ತಲೆ ಎತ್ತಿ ನೋಡಿದರೆ ಆಕಾಶ ಒಂದು ಪಟ್ಟಿಯ ಹಾಗೆ ಕಾಣುತ್ತದೆ.

ಹೊಳೆಯೇ ದಾರಿ

ಕಣಿವೆಯ ಒಳಗೆ ಡಾಂಬರು ರಸ್ತೆ ಇಲ್ಲ. ಹೊಳೆಯ ಮರಳೇ ದಾರಿ. ಸಾಮಾನ್ಯ ಕಾರು ಅಲ್ಲಿ ಹೋಗುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವ ಜೀಪು ಬೇಕು. ಕೆಲವು ಕಡೆ ಮರಳು ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಮೆತ್ತಗೆ ಇರುತ್ತದೆ. ಚಕ್ರ ಹೂತುಹೋಗುತ್ತದೆ. ಬೆಟ್ಟದ ಹಿಮ ಕರಗಿದಾಗ ಹೊಳೆಗೆ ನೀರು ಬರುತ್ತದೆ. ಜೋರು ಮಳೆ ಬಂದರೆ ಗಳಿಗೆಯಲ್ಲಿ ಪ್ರವಾಹ. ಅದಕ್ಕೇ ಹೊರಗಿನವರು ತಾವಾಗಿ ಗಾಡಿ ಹೊಡೆದುಕೊಂಡು ಕಣಿವೆಗೆ ಇಳಿಯುವ ಹಾಗಿಲ್ಲ. ದಾರಿ ತಿಳಿದ ಡಿನೇ ಜನರ ಜೊತೆಗೇ ಹೋಗಬೇಕು.

ಈ ಕಣಿವೆಯಲ್ಲಿ ಈಗಲೂ ಡಿನೇ ಮನೆತನಗಳ ಹೊಲಗಳಿವೆ. ಬೇಸಿಗೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ, ಕುರಿ ಮೇಯಿಸುತ್ತಾರೆ. ಕಣಿವೆಯ ಹೊರಗೂ ಆ ನಾಡಿನ ಹೆಚ್ಚಿನ ರಸ್ತೆಗಳು ಮಣ್ಣಿನವೇ. ಮಳೆ ಬಂದರೆ ಕೆಸರು. ಜಮಖಾನೆ ನೇಯ್ದವಳು ಅದನ್ನು ಮಾರಲು ಇಂಥ ದಾರಿಯಲ್ಲೇ ಹೋಗಬೇಕು. ಹಿಂದೆ ಕುದುರೆಯ ಮೇಲೆ, ಗಾಡಿಯಲ್ಲಿ ಹೋಗುತ್ತಿದ್ದರು. ಈಗ ಮೋಟಾರು ಗಾಡಿಯಲ್ಲಿ ಹೋಗುತ್ತಾರೆ. ಈ ದಾರಿಯ ಮಾತು ನೆನಪಿಡಿ. ಬೆಲೆಯ ಮಾತು ಬಂದಾಗ ಅದು ಬೇಕಾಗುತ್ತದೆ.

ಜೇಡಮ್ಮ ಕಲಿಸಿದ ವಿದ್ಯೆ

ಕಣಿವೆಯ ಒಳಗೆ ಒಂದು ಬಂಡೆ ಒಂಟಿಯಾಗಿ ಕಂಬದ ಹಾಗೆ ನಿಂತಿದೆ. ಸುಮಾರು 800 ಅಡಿ ಎತ್ತರ. ಅದರ ತುದಿಯಲ್ಲಿ ಜೇಡಮ್ಮ ಇದ್ದಾಳೆ ಅಂತ ಡಿನೇ ಹಿರಿಯರು ಹೇಳುತ್ತಾರೆ. ನೇಯುವ ವಿದ್ಯೆಯನ್ನು ತಮಗೆ ಕಲಿಸಿದವಳು ಅವಳೇ ಅನ್ನುತ್ತಾರೆ. ಜೇಡ ಬಲೆ ನೇಯುವುದನ್ನು ನೀವೂ ನೋಡಿದ್ದೀರಿ. ಗುರು ಯಾರು ಅಂತ ಅವರು ಸರಿಯಾಗಿಯೇ ಹುಡುಕಿದ್ದಾರೆ!

ಡಿನೇ ಮಗ್ಗ ನಿಂತ ಮಗ್ಗ. ಅಂದರೆ ಹಾಸು ಮೇಲಿಂದ ಕೆಳಗೆ ಗೋಡೆಯ ಹಾಗೆ ನಿಂತಿರುತ್ತದೆ. ನೇಯುವವಳು ಅದರ ಮುಂದೆ ಕೂರುತ್ತಾಳೆ. ಹೊಕ್ಕಿನ ಎಳೆಯನ್ನು ಬೆರಳಿನಿಂದ ತೂರಿಸಿ, ಮರದ ಹಣಿಗೆಯಿಂದ ಬಡಿದು ಕೂರಿಸುತ್ತಾಳೆ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದಲ್ಲೂ ಹೆಂಗಸರು ಇಂಥ ನಿಂತ ಮಗ್ಗದಲ್ಲೇ ಜಮಖಾನೆ ನೇಯುತ್ತಾರೆ. ಅವರು ಹತ್ತಿ ನೂಲು ಬಳಸುತ್ತಾರೆ. ಡಿನೇ ಹೆಂಗಸರು ಉಣ್ಣೆ ಬಳಸುತ್ತಾರೆ.

ಅವರ ಹಳೆಯ ತಳಿಯ ಕುರಿಗೆ ಚುರ್ರೊ ಅಂತ ಹೆಸರು. ಅದರ ಉಣ್ಣೆ ಉದ್ದ. ಉಣ್ಣೆಯಲ್ಲಿ ಜಿಡ್ಡು ಕಡಿಮೆ. ಆದ್ದರಿಂದ ತೊಳೆಯಲು ಹೆಚ್ಚು ನೀರು ಬೇಡ. ನೀರಿಲ್ಲದ ನಾಡಿಗೆ ಎಂಥ ಒಳ್ಳೆಯ ಕುರಿ ನೋಡಿ.

ಚಿತ್ತಾರವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅವರ ಹಳೆಯ ರೂಢಿಯಲ್ಲ. ಇಡೀ ಚಿತ್ತಾರ ತಲೆಯಲ್ಲಿ ಇರುತ್ತದೆ. ಎಡಗಡೆ ಎಷ್ಟು ಎಳೆ, ಬಲಗಡೆ ಎಷ್ಟು ಎಳೆ, ಎಲ್ಲಾ ಮನಸ್ಸಿನಲ್ಲೇ ಎಣಿಸುತ್ತಾರೆ. ಓದು ಬರಹ ಬಾರದಿದ್ದರೂ ಇದು ದೊಡ್ಡ ಗಣಿತವೇ.

ಮಗ್ಗದ ಮುಂದೆ ಕೂತವಳ ತಲೆಯಲ್ಲಿ ಇನ್ನೂ ಏನೇನೋ ಓಡುತ್ತದೆ. ಮಳೆ ಯಾವಾಗ ಬಂದೀತು? ಕುರಿಗೆ ಮೇವು ಸಾಕಾದೀತೇ? ಮಕ್ಕಳ ಓದು ಏನಾದೀತು? ನಮ್ಮ ನಿಮ್ಮ ಯೋಚನೆಗಳೇ. ನೇಯುವಾಗ ಮನಸ್ಸು ತಿಳಿಯಾಗಿರಬೇಕು ಅಂತ ಹಿರಿಯರು ಕಲಿಸುತ್ತಾರೆ. ಅಂಚು ಇರುವ ಜಮಖಾನೆಯಲ್ಲಿ ಕೆಲವರು ಒಂದು ಸಣ್ಣ ಎಳೆಯನ್ನು ಅಂಚು ದಾಟಿಸಿ ಹೊರಗೆ ಬಿಡುತ್ತಾರೆ. ಯಾಕೆ ಗೊತ್ತೇ? ನೇಯ್ದವಳ ಮನಸ್ಸು ಆ ಜಮಖಾನೆಯಲ್ಲೇ ಸಿಕ್ಕಿಕೊಳ್ಳಬಾರದು. ಹೊರಗೆ ಬಂದು ಮುಂದಿನ ಕೆಲಸಕ್ಕೆ ಹೋಗಬೇಕು. ಅದಕ್ಕೆ ಆ ದಾರಿ.

ಊರು ಬಿಡಿಸಿದ ಕಾಲ

ಈ ಜನ ದೊಡ್ಡ ಕಷ್ಟ ಕಂಡವರು. 1863 ಮತ್ತು 1864ರಲ್ಲಿ ಅಮೆರಿಕದ ಸೇನೆ ಅವರ ಮೇಲೆ ಬಂತು. ಹೊಲ ಸುಟ್ಟಿತು. ಕುರಿ ಕೊಂದಿತು. ಕಣಿವೆಯಲ್ಲಿ ಅವರು ಬೆಳೆಸಿದ್ದ ಸಾವಿರಾರು ಹಣ್ಣಿನ ಗಿಡಗಳನ್ನು ಕಡಿದು ಹಾಕಿತು. ಹಸಿದ ಜನ ಶರಣಾದರು. ಅವರನ್ನು ಸುಮಾರು 500 ಕಿಲೋಮೀಟರ್ ನಡೆಸಿಕೊಂಡು ಹೋದರು. ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ನಡೆದರು. ಬಹಳ ಜನ ಸತ್ತರು. ಉಳಿದವರು ಪರ ಊರಿನ ಬಯಲಲ್ಲಿ ಕೈದಿಗಳ ಹಾಗೆ ಬಾಳಿದರು.

1868ರ ಜೂನ್ 1ರಂದು ಒಂದು ಒಪ್ಪಂದ ಆಯಿತು. ಜನ ತಮ್ಮ ನಾಡಿಗೆ ಮರಳಿದರು. ಅವರಿಗೆ 15,000 ಕುರಿ ಮತ್ತು ಆಡುಗಳನ್ನು ಕೊಡಬೇಕು ಅಂತ ಒಪ್ಪಂದದಲ್ಲಿ ಬರೆದಿತ್ತು. ಕುರಿ ಬಂತು. ಉಣ್ಣೆ ಬಂತು. ಹೆಂಗಸರು ಮತ್ತೆ ಮಗ್ಗ ನಿಲ್ಲಿಸಿದರು.

ತಕ್ಕಡಿಯ ನ್ಯಾಯ

ಆಮೇಲೆ ಆ ನಾಡಿಗೆ ವ್ಯಾಪಾರಿಗಳು ಬಂದರು. ಅಲ್ಲಲ್ಲಿ ಅಂಗಡಿ ಹಾಕಿದರು. ಹೆಂಗಸರು ಜಮಖಾನೆ ತಂದು ಕೊಟ್ಟರೆ ಹಿಟ್ಟು, ಸಕ್ಕರೆ, ಕಾಫಿ, ಬಟ್ಟೆ ಕೊಡುತ್ತಿದ್ದರು. ಕೊಟ್ಟದ್ದು ತಂದದ್ದು ಎಲ್ಲ ಅಂಗಡಿಯವನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ನೇಯುವವಳಿಗೆ ಅದನ್ನು ಓದಲು ಬಾರದು. ಡಿನೇ ಭಾಷೆಯ ಓದು ಬರಹವೂ ಆಗ ಜನರಲ್ಲಿ ಇರಲಿಲ್ಲ.

ಬೆಲೆ ಕಟ್ಟುವುದು ಹೇಗೆ? ಬಹಳ ಅಂಗಡಿಗಳಲ್ಲಿ ಜಮಖಾನೆಯನ್ನು ತಕ್ಕಡಿಗೆ ಹಾಕುತ್ತಿದ್ದರು. ತೂಕಕ್ಕೆ ಇಷ್ಟು ಅಂತ ಬೆಲೆ!

ಇಲ್ಲಿ ಸ್ವಲ್ಪ ಯೋಚಿಸಿ. ನೂಲು ಸಣ್ಣಗೆ ತೆಗೆದರೆ ಕೆಲಸ ಹೆಚ್ಚು. ಆದರೆ ಜಮಖಾನೆ ಹಗುರ. ನೂಲು ದಪ್ಪಗೆ ತೆಗೆದರೆ ಕೆಲಸ ಕಡಿಮೆ. ಆದರೆ ಜಮಖಾನೆ ಭಾರ. ಅಂದ ಮೇಲೆ ತಕ್ಕಡಿಯ ಲೆಕ್ಕದಲ್ಲಿ ಯಾರಿಗೆ ಹೆಚ್ಚು ಸಿಗುತ್ತದೆ? ಒರಟಾಗಿ ನೇಯ್ದವಳಿಗೆ! ಚೆನ್ನಾಗಿ ನೇಯ್ದವಳಿಗೆ ನಷ್ಟ. ಹಾಗಾಗಿ ಎಷ್ಟೋ ಜನ ದಪ್ಪ ನೂಲಿಗೆ ಇಳಿದರು. ಉಣ್ಣೆಯನ್ನು ಸರಿಯಾಗಿ ತೊಳೆಯದೆ ನೇಯ್ದರು. ಕೊಳೆಯೂ ತೂಗುತ್ತದಲ್ಲವೇ? ಆಗ ಹೊರಗಿನವರು "ಇವರ ಕೆಲಸ ಕೆಟ್ಟಿತು" ಅಂದರು. ಕೆಟ್ಟದ್ದು ಕೈಯಲ್ಲ. ಬೆಲೆ ಕಟ್ಟುವ ರೀತಿ ಕೆಟ್ಟಿತ್ತು.

ಎಲ್ಲ ವ್ಯಾಪಾರಿಗಳೂ ಒಂದೇ ತರ ಇರಲಿಲ್ಲ. ಗನಾಡೊ ಎಂಬ ಊರಲ್ಲಿ 1878ರಿಂದ ಅಂಗಡಿ ನಡೆಸಿದ ಹಬ್ಬೆಲ್ ಎಂಬಾತ ಒಳ್ಳೆಯ ನೇಯ್ಗೆಯನ್ನೇ ಕೇಳಿ ಮಾಡಿಸುತ್ತಿದ್ದ. ಆದರೂ ಪುಸ್ತಕ ಅಂಗಡಿಯವನ ಕೈಯಲ್ಲೇ. ಬೆಲೆ ಒಪ್ಪಿಗೆ ಆಗದಿದ್ದರೆ ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಅಂತೀರಾ? ಆಗಲೇ ಹೇಳಿದೆವಲ್ಲ, ಆ ಮರಳು, ಆ ಕೆಸರು, ಆ ದೂರ! ಮನೆಯಲ್ಲಿ ಹಿಟ್ಟು ಮುಗಿದಿದೆ. ಕೈಯಲ್ಲಿ ಒಂದೇ ಜಮಖಾನೆ. ಮುಂದಿನ ಅಂಗಡಿಗೆ ಮತ್ತೆ ಎಷ್ಟೋ ಹೊತ್ತಿನ ದಾರಿ. ಕೊಟ್ಟಷ್ಟು ತೆಗೆದುಕೊಂಡು ಬರಬೇಕಾಗುತ್ತಿತ್ತು.

345 ಗಂಟೆ

ಕಾಲ ನಿಧಾನವಾಗಿ ಬದಲಾಯಿತು. 1943ರಲ್ಲಿ ಡಿನೇ ಭಾಷೆಯ ಒಂದು ಪದಕೋಶ ಅಚ್ಚಾಯಿತು. ಅದನ್ನು ಮಾಡಿದವರಲ್ಲಿ ಒಬ್ಬರು ಡಿನೇ ಜನರೇ ಆದ ವಿಲಿಯಂ ಮಾರ್ಗನ್. ಇನ್ನೊಬ್ಬರು ರಾಬರ್ಟ್ ಯಂಗ್. 1968ರಲ್ಲಿ ಡಿನೇ ಜನ ತಮ್ಮದೇ ಕಾಲೇಜು ಸ್ಥಾಪಿಸಿದರು. ಆ ಕಾಲೇಜಿನವರು 1973ರಲ್ಲಿ ಒಂದು ಕೆಲಸ ಮಾಡಿದರು. ಚೆನ್ನಾಗಿ ನೇಯಬಲ್ಲ ಒಬ್ಬಾಕೆಗೆ ಒಂದು ನೇಯ್ಗೆಗೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿದರು. ಲೆಕ್ಕ ಹೀಗಿದೆ. ಗಟ್ಟಿಯಾಗಿ ಓದಿ.

ಉಣ್ಣೆ ಕತ್ತರಿಸಿ ಹದ ಮಾಡಲು – 45 ಗಂಟೆ
ನೂಲು ತೆಗೆಯಲು – 24 ಗಂಟೆ
ಬಣ್ಣ ತಯಾರಿಸಿ ನೂಲಿಗೆ ಹಾಕಲು – 60 ಗಂಟೆ
ನೇಯಲು – 215 ಗಂಟೆ
ಮಾರಲು – 1 ಗಂಟೆ
ಒಟ್ಟು – 345 ಗಂಟೆ

ದಿನಕ್ಕೆ 8 ಗಂಟೆ ದುಡಿದರೆ ಇದು ಎಷ್ಟು ದಿನ? 43 ದಿನ, ಮತ್ತೆ ಒಂದು ಗಂಟೆ. 43 ದಿನ ಅವಳು ಕೆಲಸ ಮಾಡುತ್ತಾಳೆ. ಉಳಿದ ಒಂದೇ ಗಂಟೆಯಲ್ಲಿ ಮಾರಾಟ. ಆ 43 ದಿನದ ಬೆಲೆ ತೀರ್ಮಾನ ಆಗುವುದು ಆ ಒಂದು ಗಂಟೆಯಲ್ಲಿ. ಆ ಗಂಟೆಯಲ್ಲಿ ತನ್ನ ಲೆಕ್ಕ ತನಗೆ ಗೊತ್ತಿರಬೇಕು. ಗೊತ್ತಿದ್ದರೆ ಮಾತಾಡಬಹುದು. ಗೊತ್ತಿಲ್ಲದಿದ್ದರೆ ತಲೆ ಆಡಿಸಬೇಕು, ಅಷ್ಟೆ.

ಹೆಸರು ಬರೆದ ಚೀಟಿ

ಕಾಲೇಜು ಸ್ಥಾಪನೆಯಾದ 1968ರಲ್ಲೇ ಇನ್ನೊಂದು ಕೆಲಸವೂ ಆಯಿತು. ಕ್ರೌನ್‌ಪಾಯಿಂಟ್ ಎಂಬ ಊರಿನಲ್ಲಿ ಜಮಖಾನೆಯ ಹರಾಜು ಶುರುವಾಯಿತು. ಶಾಲೆಯ ದೊಡ್ಡ ಕೋಣೆಯಲ್ಲಿ ಹರಾಜು ನಡೆಯುತ್ತಿತ್ತು. ನೇಯ್ದವಳೇ ಜಮಖಾನೆ ತರುತ್ತಿದ್ದಳು. ಅದಕ್ಕೆ ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಅವಳ ಹೆಸರು ಇರುತ್ತಿತ್ತು. 'ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ' ಅಂತ ಅವಳೇ ಬೆಲೆ ಹೇಳಬಹುದಿತ್ತು. ಕೊಳ್ಳುವವರು ಅವಳ ಮುಂದೆಯೇ ಕೂಗುತ್ತಿದ್ದರು.

ಡೇಸಿ ಟಾಗೆಲ್ಚಿ ಎಂಬಾಕೆ ಡಿನೇ ನಾಡಿನ ಹೆಸರಾಂತ ನೇಯ್ಗೆಯವರಾಗಿದ್ದರು. ಅವರ ನೇಯ್ಗೆಯಲ್ಲಿ ಒಂದು ಅಂಗುಲಕ್ಕೆ 100ಕ್ಕೂ ಹೆಚ್ಚು ಎಳೆ ಇರುತ್ತಿತ್ತು. ಅಷ್ಟು ಸಣ್ಣ ನೂಲು. ತಕ್ಕಡಿಗೆ ಹಾಕಿದರೆ ಏನೂ ತೂಗದು! ಆದರೆ 2004ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ನೇಯ್ಗೆಯ ಚಿತ್ರವನ್ನು ಅಂಚೆ ಚೀಟಿಯಲ್ಲಿ ಅಚ್ಚು ಹಾಕಿತು.

ಕಷ್ಟ ಪೂರ್ತಿ ಮುಗಿದಿಲ್ಲ. ಡಿನೇ ಚಿತ್ತಾರ ನೋಡಿಕೊಂಡು ಬೇರೆ ದೇಶಗಳಲ್ಲಿ ಅಗ್ಗದ ಜಮಖಾನೆ ನೇಯಿಸುತ್ತಾರೆ. ನಮ್ಮ ಭಾರತದಿಂದಲೂ ಅಂಥ ಮಾಲು ಹೋಗುತ್ತದೆ. ಅದನ್ನು ನೇಯುವವರೂ ಬಡ ಕೈಕೆಲಸದವರೇ. ತಪ್ಪು ಅವರದಲ್ಲ. ಅದನ್ನು 'ಡಿನೇ ಹೆಂಗಸರು ನೇಯ್ದದ್ದು' ಅಂತ ಸುಳ್ಳು ಹೇಳಿ ಮಾರುವವರದು ತಪ್ಪು. ಹಾಗೆ ಸುಳ್ಳು ಹೇಳಿ ಮಾರಬಾರದು ಅಂತ ಅಮೆರಿಕದಲ್ಲಿ 1990ರಲ್ಲಿ ಕಾನೂನು ಬಂತು. ನಮ್ಮ ನವಲಗುಂದದ ಜಮಖಾನೆಗೂ ಸರ್ಕಾರದ ಗುರುತು ಇದೆ. ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಹಾಕುವ ಹಾಗಿಲ್ಲ.

ನಾವೂ ಲೆಕ್ಕ ಇಡೋಣ

ಅಕ್ಕ ತಂಗಿಯರೇ, ನಿಮಗೆ ಈಗ ಅಂಕಿ ಬರುತ್ತದೆ. ಅಕ್ಷರ ಬರುತ್ತದೆ. ಒಂದು ಪುಸ್ತಕ ತೆಗೆದುಕೊಳ್ಳಿ. ಬೀಡಿ ಕಟ್ಟುತ್ತೀರಾ? ಊದಿನಕಡ್ಡಿ ಹೊಸೆಯುತ್ತೀರಾ? ಹಪ್ಪಳ ಒತ್ತುತ್ತೀರಾ? ಯಾವ ಕೆಲಸವಾದರೂ ಸರಿ. ಎಷ್ಟು ಗಂಟೆ ದುಡಿದಿರಿ, ಸಾಮಾನಿಗೆ ಎಷ್ಟು ಖರ್ಚಾಯಿತು, ಕೈಗೆ ಎಷ್ಟು ಬಂತು, ದಿನಾ ಬರೆಯಿರಿ. ಮೇಲೆ ನಿಮ್ಮ ಹೆಸರು ಬರೆಯಿರಿ. ಬರೆದ ಮಾತ್ರಕ್ಕೆ ಕೂಲಿ ಹೆಚ್ಚಾಗದು ನಿಜ. ಆದರೆ ಬೆಲೆಯ ಮಾತು ಬಂದ ದಿನ ನಿಮ್ಮ ಕೈಯಲ್ಲೂ ಒಂದು ಪುಸ್ತಕ ಇರುತ್ತದೆ. ಹತ್ತು ಜನ ಒಟ್ಟಿಗೆ ಹೋದರೆ ಹತ್ತು ಪುಸ್ತಕ ಇರುತ್ತವೆ.

ಹೊಸ ಮಾತುಗಳು

ಹಾಸು – ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆ
ಹೊಕ್ಕು – ಅಡ್ಡಕ್ಕೆ ತೂರಿಸುವ ಎಳೆ
ಹಣಿಗೆ – ಎಳೆಯನ್ನು ಬಡಿದು ಕೂರಿಸುವ ಬಾಚಣಿಗೆ
ಒಪ್ಪಂದ – ಎರಡು ಕಡೆಯವರು ಒಪ್ಪಿ ಬರೆದ ಮಾತು

ಓದಿ, ಮಾತಾಡಿ

1. ಜಮಖಾನೆಯನ್ನು ತೂಕಕ್ಕೆ ಕೊಂಡರೆ ಯಾರಿಗೆ ನಷ್ಟ? ಯಾಕೆ?
2. ದಾರಿ ಸರಿ ಇಲ್ಲದಿದ್ದರೆ ಮಾಲಿನ ಬೆಲೆ ಯಾಕೆ ಇಳಿಯುತ್ತದೆ? ನಿಮ್ಮ ಊರಿನಲ್ಲಿ ಹೀಗೆ ಆಗಿದೆಯೇ?
3. ದಿನಕ್ಕೆ 5 ಗಂಟೆ ಮಾತ್ರ ಬಿಡುವು ಸಿಕ್ಕಿದರೆ 345 ಗಂಟೆಯ ಕೆಲಸಕ್ಕೆ ಎಷ್ಟು ದಿನ ಬೇಕು?
4. ನೀವು ಮಾಡುವ ಒಂದು ಕೆಲಸಕ್ಕೆ ಮೇಲಿನ ಹಾಗೆ ಪಟ್ಟಿ ಬರೆಯಿರಿ. ಪಕ್ಕದವರ ಪಟ್ಟಿಯ ಜೊತೆ ಇಟ್ಟು ನೋಡಿ.