ಅಮೆರಿಕದ ದೂರದರ್ಶನದಲ್ಲಿ ಇಂಗ್ಲಿಷ್ ಟೆಲಿನೊವೆಲ

ಒಂದು ದೇಶದಲ್ಲಿ ಕೋಟ್ಯಂತರ ಜನರು ಕೈಗೆಲಸ ಬಿಟ್ಟು ನೋಡುವ ಕಥೆಯನ್ನು ಬೇರೊಂದು ಭಾಷೆಗೆ ತಿರುಗಿಸಿ ಬೇರೊಂದು ದೇಶದಲ್ಲಿ ತೋರಿಸಿದರೆ, ಅಲ್ಲಿಯ ಜನರೂ ಅಷ್ಟೇ ಆಸೆಯಿಂದ ನೋಡುವರೇ? ಈ ಪ್ರಶ್ನೆಯನ್ನು ಬರಿಯ ಚರ್ಚೆಗೆ ಬಿಡದೆ, ಕೈಯಿಂದ ಹಣ ಹಾಕಿ ಪರೀಕ್ಷಿಸಿ ನೋಡಿದ ಪ್ರಸಂಗವೊಂದು 2006ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯಿತು. ಪರೀಕ್ಷೆ ಮಾಡಿದವರು ವಿದ್ವಾಂಸರಲ್ಲ, ವ್ಯಾಪಾರಿಗಳು. ಆದರೂ ಅದರ ಫಲವು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಂಬಂಧಿಸಿದುದೇ ಆಗಿದೆ. ಅನುವಾದ, ರೂಪಾಂತರ ಎಂದು ನಾವು ತರಗತಿಗಳಲ್ಲಿ ಮಾತನಾಡುವಾಗ ಮಾತುಗಳು ಹೇಗೆ ದಾಟಿ ಬಂದುವೆಂದು ನೋಡುತ್ತೇವೆಯೇ ಹೊರತು, ಮಾತಿನ ಸುತ್ತಲಿನ ರೂಢಿಗಳು ದಾಟಿ ಬಂದುವೇ ಎಂದು ಕೇಳುವುದು ಕಡಿಮೆ.

ಟೆಲಿನೊವೆಲ ಎಂಬ ಮಾತಿಗೆ ದೂರದರ್ಶನದ ಕಾದಂಬರಿ ಎಂದು ಅರ್ಥ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಸಂಜೆಯಾದ ಮೇಲೆ, ವಾರಕ್ಕೆ ಐದು ಅಥವಾ ಆರು ದಿನ, ದಿನಕ್ಕೊಂದು ಕಂತಿನಂತೆ ನಡೆಯುವ ಕಥೆ ಇದು. ಇದರ ಬೇರು ರೇಡಿಯೋದಲ್ಲಿದೆ. 1948ರಲ್ಲಿ ಕ್ಯೂಬಾದ ಫೆಲಿಕ್ಸ್ ಕೈಗ್ನೆಟ್ ಬರೆದ 'ಹುಟ್ಟುವ ಹಕ್ಕು' ಎಂಬರ್ಥದ ಹೆಸರಿನ ಬಾನುಲಿ ಕಥೆ ಖಂಡದ ಉದ್ದಗಲಕ್ಕೂ ಹಬ್ಬಿತು. ಬ್ರೆಜಿಲಿನಲ್ಲಿ 1951ರಲ್ಲಿಯೇ ದೂರದರ್ಶನದ ಮೊದಲ ನೊವೆಲ ಬಂದಿತು, ಆದರೆ ವಾರಕ್ಕೆ ಎರಡೇ ಕಂತು. ದಿನವೂ ಬರುವ ಪದ್ಧತಿ ಅಲ್ಲಿ 1963ರಲ್ಲಿ ಆರಂಭವಾಯಿತು. ಆ ಮೇಲೆ ಇದು ಕೇವಲ ಮನರಂಜನೆಯಾಗಿ ಉಳಿಯಲಿಲ್ಲ. 1969ರಲ್ಲಿ ಪೆರು ದೇಶದಲ್ಲಿ 'ಸಿಂಪ್ಲೆಮೆಂತೆ ಮರಿಯ' ಎಂಬ ಕಥೆ ಪ್ರಸಾರವಾಯಿತು. ಹಳ್ಳಿಯಿಂದ ನಗರಕ್ಕೆ ಬಂದು ಮನೆಗೆಲಸ ಮಾಡಿ, ಹೊಲಿಗೆ ಕಲಿತು, ಓದು ಬರಹ ಕಲಿತು ಮೇಲೆ ಬಂದ ಹೆಣ್ಣುಮಗಳ ಕಥೆ ಅದು. ಕಥಾನಾಯಕಿಯ ಮದುವೆಯ ದೃಶ್ಯವನ್ನು ಲಿಮಾ ನಗರದ ಇಗರ್ಜಿಯಲ್ಲಿ ಚಿತ್ರಿಸಿದಾಗ ಸಾವಿರಾರು ಜನ ನಿಜವಾದ ಮದುವೆಗೆ ಬಂದಂತೆ ಬಂದು ನೆರೆದರಂತೆ.

ಮೆಕ್ಸಿಕೋದ ಮಿಗೆಲ್ ಸಬಿದೋ ಎಂಬಾತ ಇದನ್ನು ಗಮನಿಸಿ, ಕಥೆಯ ಮೂಲಕವೇ ಜನರಿಗೆ ವಿದ್ಯೆಯ ಹಂಬಲವನ್ನು ಹುಟ್ಟಿಸಬಹುದೆಂದು 1975ರಲ್ಲಿ ವಯಸ್ಕರ ಶಿಕ್ಷಣಕ್ಕೆ ಸಂಬಂಧಿಸಿದ ಟೆಲಿನೊವೆಲವನ್ನು ತಯಾರಿಸಿದನು. ನಮ್ಮ ದೇಶದ ದೂರದರ್ಶನದಲ್ಲಿ 1984ರಿಂದ 156 ಕಂತುಗಳಲ್ಲಿ ನಡೆದ 'ಹಮ್ ಲೋಗ್' ಈ ಮೆಕ್ಸಿಕೋ ಮಾದರಿಯನ್ನೇ ಕಣ್ಣ ಮುಂದಿಟ್ಟುಕೊಂಡು ಹುಟ್ಟಿದುದು. ಇಂದು ನಮ್ಮ ಮನೆಗಳಲ್ಲಿ ಸಂಜೆಯ ದೀಪದೊಡನೆ ಹೊತ್ತಿಕೊಳ್ಳುವ ಧಾರಾವಾಹಿಗಳಿಗೆ ಮೆಕ್ಸಿಕೋದಲ್ಲಿ ದೂರದ ದಾಯಾದಿಗಳಿದ್ದಾರೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದವರಿಗೂ ದಿನದಿನದ ಕಥೆ ಹೊಸದೇನಲ್ಲ. ಸಾಬೂನಿನ ಕಂಪೆನಿಗಳು ಹಣ ಕೊಟ್ಟು ನಡೆಸುತ್ತಿದ್ದುದರಿಂದ 'ಸೋಪ್ ಆಪೆರ' ಎಂಬ ಪರಿಹಾಸದ ಹೆಸರನ್ನು ಪಡೆದ ಕಥೆಗಳು ಅಲ್ಲಿ 1930ರ ದಶಕದಿಂದಲೂ ಇವೆ. 'ಗೈಡಿಂಗ್ ಲೈಟ್' ಎಂಬುದು 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ದೂರದರ್ಶನಕ್ಕೆ ಬಂದು, 2009ರವರೆಗೆ ಬದುಕಿತು. ಅಜ್ಜಿ ನೋಡಲು ತೊಡಗಿದ ಕಥೆಯನ್ನು ಮೊಮ್ಮಗಳು ಮುಂದುವರಿಸಬಹುದಾಗಿತ್ತು. ಆದರೆ ಇವು ಮಧ್ಯಾಹ್ನದ ಕಥೆಗಳು, ಮತ್ತು ಮುಗಿಯದ ಕಥೆಗಳು. ಟೆಲಿನೊವೆಲವಾದರೋ ರಾತ್ರಿಯ ಕಥೆ, ಮುಗಿಯುವ ಕಥೆ. ಕೆಲವು ತಿಂಗಳಾದ ಮೇಲೆ ಕೊನೆಯ ಕಂತು ಬರುತ್ತದೆ. ಬೇರ್ಪಟ್ಟವರು ಕೂಡುತ್ತಾರೆ, ದುಷ್ಟರಿಗೆ ಶಿಕ್ಷೆಯಾಗುತ್ತದೆ, ಬಹುಮಟ್ಟಿಗೆ ಒಂದು ಮದುವೆಯೂ ನಡೆಯುತ್ತದೆ. ಕೊನೆಯೊಂದು ಇದೆ ಎಂಬ ಭರವಸೆಯೇ ಪ್ರೇಕ್ಷಕನನ್ನು ಹಿಡಿದಿಡುವ ಹಗ್ಗ. ಅಮೆರಿಕದಲ್ಲಿ ರಾತ್ರಿಯ ಹೊತ್ತು ವಾರಕ್ಕೊಂದು ಕಂತಿನಂತೆ, ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ಸುಮಾರು ಇಪ್ಪತ್ತೆರಡು ಕಂತುಗಳನ್ನು ನೋಡುವುದು ಬಹುಕಾಲದಿಂದ ಬಂದ ರೂಢಿ.

ಹೀಗಿರುವಾಗ 2006ರ ಜನವರಿ 24ರಂದು ಒಂದು ಸುದ್ದಿ ಬಂದಿತು. ಯುಪಿಎನ್ ಮತ್ತು ಡಬ್ಲ್ಯುಬಿ ಎಂಬ ಎರಡು ಚಿಕ್ಕ ಜಾಲಗಳನ್ನು ಮುಚ್ಚಿ, ಅವುಗಳ ಒಡೆಯರು ಕೂಡಿ ಸಿಡಬ್ಲ್ಯು ಎಂಬ ಒಂದೇ ಜಾಲವನ್ನು ಕಟ್ಟುವರೆಂದು ಪ್ರಕಟವಾಯಿತು. ನ್ಯೂಯಾರ್ಕ್, ಲಾಸ್ ಏಂಜಲಿಸ್, ಷಿಕಾಗೊ ಮೊದಲಾದ ದೊಡ್ಡ ನಗರಗಳಲ್ಲಿ ಯುಪಿಎನ್ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದ ನಿಲ್ದಾಣಗಳು ಫಾಕ್ಸ್ ಕಂಪೆನಿಯವು. ಹೊಸ ಜಾಲದಲ್ಲಿ ಅವುಗಳಿಗೆ ಸ್ಥಾನವಿರಲಿಲ್ಲ. ಮನೆಯಿದೆ, ಅಡುಗೆಯವರಿಲ್ಲ ಎಂಬಂತಾಯಿತು. ಒಂದು ತಿಂಗಳು ತುಂಬುವ ಮುನ್ನವೇ, ಫೆಬ್ರವರಿ 22ರಂದು, ಫಾಕ್ಸ್ ತಾನೇ ಒಂದು ಜಾಲವನ್ನು ತೆರೆಯುವುದಾಗಿ ಸಾರಿತು. ಅದರ ಹೆಸರು ಮೈನೆಟ್‌ವರ್ಕ್‌ಟಿವಿ. ಸೆಪ್ಟೆಂಬರ್ 5ರಂದು ಪ್ರಸಾರ ಆರಂಭವಾಯಿತು. ಸಾರಿದ ದಿನಕ್ಕೂ ಪರದೆ ಎದ್ದ ದಿನಕ್ಕೂ ಏಳು ತಿಂಗಳ ಅಂತರವೂ ಇಲ್ಲ.

ಇಷ್ಟು ಅವಸರದಲ್ಲಿ ವಾರದ ರಾತ್ರಿಗಳನ್ನು ಏನಿಂದ ತುಂಬುವುದು? ಟೆಲಿನೊವೆಲದ ಯೋಚನೆ ಬಂದುದು ಇಲ್ಲಿ. ಲೆಕ್ಕವೇನೋ ಮೇಲುನೋಟಕ್ಕೆ ಸರಿಯಾಗಿಯೇ ಇದ್ದಿತು. ಆ ವರ್ಷ ಅಮೆರಿಕದಲ್ಲಿ ಲ್ಯಾಟಿನ್ ಮೂಲದ ಜನರ ಸಂಖ್ಯೆ ನಾಲ್ಕು ಕೋಟಿ ನಲವತ್ತು ಲಕ್ಷವನ್ನು ದಾಟಿದ್ದಿತು. ಸ್ಪ್ಯಾನಿಷ್ ಭಾಷೆಯ ಯುನಿವಿಷನ್ ಜಾಲವು ಮೆಕ್ಸಿಕೋದ ಟೆಲಿನೊವೆಲಗಳನ್ನು ತೋರಿಸಿ, ಕೆಲವು ರಾತ್ರಿಗಳಲ್ಲಿ ಯುವಪ್ರೇಕ್ಷಕರ ಎಣಿಕೆಯಲ್ಲಿ ದೊಡ್ಡ ಇಂಗ್ಲಿಷ್ ಜಾಲಗಳನ್ನೇ ಹಿಂದೆ ಹಾಕುತ್ತಿತ್ತು. ವಲಸೆ ಬಂದವರ ಮಕ್ಕಳು ಇಂಗ್ಲಿಷಿನಲ್ಲಿ ಓದಿದವರು, ಮನೆಯಲ್ಲಿ ತಾಯಿಯ ಜೊತೆ ಕುಳಿತು ಇಂಥ ಕಥೆಗಳನ್ನು ನೋಡಿ ಬೆಳೆದವರು. ಅವರೂ ಬರುವರು, ಅವರ ಸಂಗಡ ಇತರರೂ ಬರುವರು ಎಂಬ ನಿರೀಕ್ಷೆ. ಇದರ ಮೇಲೆ ಒಂದೇ ಅಂಕಣ, ಅದೇ ನಟರು, ದಿನಕ್ಕೆ ಹಲವು ದೃಶ್ಯಗಳು ಎಂಬ ಕ್ರಮದಿಂದ ಖರ್ಚೂ ಕಡಿಮೆ. ಹಾಲಿವುಡ್ಡಿನಿಂದ ದೂರದಲ್ಲಿ, ಸ್ಯಾನ್ ಡಿಯೇಗೊ ನಗರದಲ್ಲಿ ಚಿತ್ರೀಕರಣ ನಡೆಯಿತು.

ಮೊದಲು ಬಂದ ಕಥೆಗಳು ಎರಡು: 'ಡಿಸೈರ್' ಮತ್ತು 'ಫ್ಯಾಷನ್ ಹೌಸ್'. ಮೊದಲನೆಯದು ಕೊಲಂಬಿಯದ ಕಥೆಯೊಂದರ ರೂಪಾಂತರ. ದುಷ್ಟರ ಕೂಟದಿಂದ ತಪ್ಪಿಸಿಕೊಂಡು ಓಡಿಬಂದ ಇಬ್ಬರು ಅಣ್ಣತಮ್ಮಂದಿರು ಒಬ್ಬಳನ್ನೇ ಪ್ರೀತಿಸುವ ಕಥೆ. ಎರಡನೆಯದರಲ್ಲಿ ಉಡುಪಿನ ವ್ಯಾಪಾರದ ಒಡತಿಯಾಗಿ ಬೋ ಡೆರೆಕ್, ಆಕೆಯ ಎದುರಾಳಿಯಾಗಿ ಮಾರ್ಗನ್ ಫೇರ್‌ಚೈಲ್ಡ್ ನಟಿಸಿದರು. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಎಂಟಕ್ಕೊಂದು, ಒಂಬತ್ತಕ್ಕೊಂದು; ಶನಿವಾರ ವಾರದ ಕಥೆಯ ಸಾರಾಂಶ. ಹದಿಮೂರು ವಾರ, ಅರವತ್ತೈದು ಕಂತು, ಅಲ್ಲಿಗೆ ಸಮಾಪ್ತಿ. ಡಿಸೆಂಬರಿನಲ್ಲಿ ಇವುಗಳ ಸ್ಥಾನಕ್ಕೆ 'ವಿಕೆಡ್ ವಿಕೆಡ್ ಗೇಮ್ಸ್' ಮತ್ತು 'ವಾಚ್ ಓವರ್ ಮಿ' ಬಂದುವು. ಬಾಲ್ಯದಲ್ಲಿಯೇ ಆಸ್ಕರ್ ಪ್ರಶಸ್ತಿ ಪಡೆದಿದ್ದ ಟೇಟಮ್ ಓ'ನೀಲ್ ಇವುಗಳಲ್ಲಿ ಮೊದಲನೆಯದರ ಪ್ರತೀಕಾರದ ನಾಯಕಿ.

ಜನ ಬರಲಿಲ್ಲ. ಆ ಕಾಲಕ್ಕೆ ಅಮೆರಿಕದಲ್ಲಿ ದೂರದರ್ಶನವಿದ್ದ ಮನೆಗಳು ಸುಮಾರು ಹನ್ನೊಂದು ಕೋಟಿ. ಈ ಕಥೆಗಳನ್ನು ನೋಡುತ್ತಿದ್ದವರ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿಯೇ ಹೊಯ್ದಾಡಿತು. 2007ರ ಮಾರ್ಚಿನಲ್ಲಿ ಮೂರನೆಯ ಜೋಡಿ ಬರುವ ಹೊತ್ತಿಗೆ ವಾರದ ಐದು ರಾತ್ರಿಗಳ ಕ್ರಮವೇ ಕಳಚಿ, ಉಳಿದ ರಾತ್ರಿಗಳನ್ನು ಚಲನಚಿತ್ರಗಳೂ ಕಾಳಗದ ಪಂದ್ಯಗಳೂ ಆಕ್ರಮಿಸಿದುವು. ಅದೇ ವರ್ಷ ಟೆಲಿನೊವೆಲವನ್ನು ಪೂರ್ತಿಯಾಗಿ ಕೈಬಿಟ್ಟರು.

ಇದಕ್ಕೆ ಕಾರಣವೇನು? ಇಂಗ್ಲಿಷ್ ಭಾಷೆಗೂ ಇಂಥ ಕಥೆಗೂ ಹೊಂದಿಕೆಯಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಮಾತು ನಿಲ್ಲುವುದಿಲ್ಲ. ಎಬಿಸಿ ಜಾಲದಲ್ಲಿ 1964ರಿಂದ 1969ರವರೆಗೆ 'ಪೇಟನ್ ಪ್ಲೇಸ್' ಎಂಬ ಕಥೆ ರಾತ್ರಿಯ ವೇಳೆಯಲ್ಲಿಯೇ, ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬಂದು, ಐನೂರಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. 1976ರಲ್ಲಿ ನಾರ್ಮನ್ ಲಿಯರ್ ತಯಾರಿಸಿದ 'ಮೇರಿ ಹಾರ್ಟ್‌ಮನ್, ಮೇರಿ ಹಾರ್ಟ್‌ಮನ್' ಎಂಬ ವಿಡಂಬನೆಯ ಕಥೆ ವಾರಕ್ಕೆ ಐದು ದಿನ ಬಂದರೂ ಜನ ನೋಡಿದರು. ಆದುದರಿಂದ ದೋಷವನ್ನು ಭಾಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ನನಗೆ ಮುಖ್ಯವೆಂದು ತೋರುವ ಕಾರಣ ಬೇರೆ. ಮೆಕ್ಸಿಕೋ, ಬ್ರೆಜಿಲ್‌ಗಳಲ್ಲಿ ಟೆಲಿನೊವೆಲವೆಂದರೆ ದೂರದರ್ಶನದ ಪಟ್ಟದ ಆನೆ. ಆ ದೇಶದ ಒಳ್ಳೆಯ ನಟರು, ಒಳ್ಳೆಯ ಲೇಖಕರು, ಹೆಚ್ಚಿನ ಹಣ ಎಲ್ಲವೂ ಅದಕ್ಕೆ ಮೀಸಲು. ಬ್ರೆಜಿಲಿನಲ್ಲಿ ಕಥೆ ಪ್ರಸಾರವಾಗುತ್ತಿರುವಾಗಲೇ ಮುಂದಿನ ಕಂತುಗಳನ್ನು ಬರೆಯುತ್ತಾರೆ. ಜನ ಯಾವ ಪಾತ್ರಕ್ಕೆ ಮರುಗಿದರು, ಯಾವುದನ್ನು ತಳ್ಳಿದರು ಎಂದು ನೋಡಿ ಕಥೆಯ ದಾರಿಯನ್ನೇ ತಿರುಗಿಸುವುದುಂಟು. ಹರಿಕಥೆಯ ದಾಸರು ಸಭೆಯ ಮುಖ ನೋಡಿ ಉಪಕಥೆಯನ್ನು ಬೆಳೆಸುವಂತೆ ಎಂದರೆ ತಪ್ಪಾಗಲಾರದು. ಅಮೆರಿಕದ ಪ್ರಯೋಗದಲ್ಲಿ ಆದುದೇನು? ಬೇರೆ ಕಡೆ ಆಗಲೇ ಮುಗಿದುಹೋಗಿದ್ದ ಕಥೆಗಳನ್ನು ಕೊಂಡು ತಂದು ಕತ್ತರಿಸಿದರು. 'ವಾಚ್ ಓವರ್ ಮಿ'ಗೆ ಮೂಲವಾದ ಅರ್ಜೆಂಟೀನಾದ 'ರೆಸಿಸ್ತಿರೆ' ಇನ್ನೂರಕ್ಕೂ ಹೆಚ್ಚು ಕಂತುಗಳದು. ಅದನ್ನು ಅರವತ್ತೈದಕ್ಕೆ ಇಳಿಸಿದರು. ಸಂಚು, ಸೇಡು, ಮುತ್ತು, ಕಪಾಳದ ಏಟು ಇವೆಲ್ಲ ಉಳಿದುವು. ಇವುಗಳ ನಡುವೆ ಅಡುಗೆಮನೆಯಲ್ಲಿ, ಅಂಗಳದಲ್ಲಿ ನಿಧಾನವಾಗಿ ನಡೆಯುವ ಬಾಳು ಮಾತ್ರ ಸೋರಿಹೋಯಿತು. ನಮ್ಮ ಧಾರಾವಾಹಿಗಳ ನಿಧಾನವನ್ನು ನಾವು ಹಾಸ್ಯ ಮಾಡುತ್ತೇವೆ, ಹಾಸ್ಯಕ್ಕೆ ಯೋಗ್ಯವಾದುದೂ ಹೌದು. ಆದರೆ ಆ ನಿಧಾನದಲ್ಲಿಯೇ ಪಾತ್ರಗಳು ನೆರೆಮನೆಯವರಾಗುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಪ್ರೇಕ್ಷಕರ ಮಾತು. ಸ್ಪ್ಯಾನಿಷ್ ಬಲ್ಲವರಿಗೆ ಮೂಲವೇ ಮನೆಯಲ್ಲಿ ದೊರೆಯುತ್ತಿರುವಾಗ ನಕಲು ಬೇಕಾಗಲಿಲ್ಲ. ಬಾರದವರಿಗೆ ವಾರಕ್ಕೆ ಐದು ರಾತ್ರಿ ಒಂದೇ ಕಥೆಗೆ ಕಟ್ಟುಬೀಳುವ ಅಭ್ಯಾಸವಿರಲಿಲ್ಲ. ಅದರಲ್ಲಿಯೂ ಹೆಸರು ಕೇಳದ ಹೊಸ ಜಾಲಕ್ಕಾಗಿ, ಹಳೆಯ ಪರಿಚಿತ ಕಾರ್ಯಕ್ರಮಗಳನ್ನು ಬಿಟ್ಟು ಬರಬೇಕಾಗಿತ್ತು. ಎರಡು ದಿನ ತಪ್ಪಿದರೆ ಕಥೆ ತಪ್ಪಿತು. ಎಳೆ ಹಿಡಿಯಲು ಶನಿವಾರದವರೆಗೆ ಕಾಯಬೇಕು.

ಅದೇ ತಿಂಗಳು ನಡೆದ ಇನ್ನೊಂದು ಸಂಗತಿ ಈ ಚರ್ಚೆಗೆ ಬೆಳಕು ಕೊಡುತ್ತದೆ. 2006ರ ಸೆಪ್ಟೆಂಬರ್ 28ರಂದು ಎಬಿಸಿ ಜಾಲದಲ್ಲಿ 'ಅಗ್ಲಿ ಬೆಟಿ' ಆರಂಭವಾಯಿತು. ಇದರ ಮೂಲವೂ ಟೆಲಿನೊವೆಲವೇ: ಕೊಲಂಬಿಯದ ಫೆರ್ನಾಂಡೊ ಗೈತಾನ್ ಬರೆದು 1999ರಿಂದ 2001ರವರೆಗೆ ನಡೆದ 'ಯೊ ಸೋಯ್ ಬೆಟಿ, ಲ ಫೆಯ'. ರೂಪವಿಲ್ಲದ, ಬುದ್ಧಿಯುಳ್ಳ ಹುಡುಗಿಯೊಬ್ಬಳು ರೂಪವನ್ನೇ ಮಾರುವ ಕಛೇರಿಯಲ್ಲಿ ಕೆಲಸಕ್ಕೆ ಸೇರುವ ಈ ಕಥೆಯನ್ನು 2003ರಲ್ಲಿಯೇ ಹಿಂದಿಗೆ 'ಜಸ್ಸಿ ಜೈಸಿ ಕೋಯಿ ನಹೀಂ' ಎಂದು ತಂದಿದ್ದರು; ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅದನ್ನು ನೋಡಿದ ನೆನಪಿದ್ದೀತು. ಅಮೆರಿಕದ ರೂಪಾಂತರದ ಮೊದಲ ಕಂತನ್ನೇ ಒಂದು ಕೋಟಿ ಅರವತ್ತು ಲಕ್ಷ ಜನ ನೋಡಿದರು. ನಾಯಕಿಯಾದ ಅಮೆರಿಕ ಫೆರೇರಾಗೆ ಮುಂದಿನ ವರ್ಷ ಗೋಲ್ಡನ್ ಗ್ಲೋಬ್, ಎಮ್ಮಿ ಎರಡೂ ಸಂದುವು. ನಾಲ್ಕು ವರ್ಷ, 85 ಕಂತು.

ಇಲ್ಲಿ ದಿನದ ಕಥೆಯನ್ನು ವಾರದ ಕಥೆಯಾಗಿ ಮಾಡಿದರು. ನಡುನಡುವೆ ತನ್ನನ್ನು ತಾನೇ ನಗುವ ಧಾಟಿಯನ್ನು ತಂದರು. ಬೆಟಿಯ ತಂದೆ ಮನೆಯಲ್ಲಿ ಕುಳಿತು ಅತಿರೇಕದ ಟೆಲಿನೊವೆಲವೊಂದನ್ನು ನೋಡುತ್ತಿರುತ್ತಾನೆ. ಇವೆಲ್ಲಕ್ಕಿಂತ ಹೆಚ್ಚಿನದೆಂದರೆ ಕಥೆಗೆ ಅಮೆರಿಕದ ನೆಲವನ್ನು ಕೊಟ್ಟರು. ಕೊಲಂಬಿಯದ ಬೆಟಿ ಬೊಗೊಟಾದ ಮಧ್ಯಮ ವರ್ಗದವಳು. ಅಮೆರಿಕದ ಬೆಟಿ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಮೆಕ್ಸಿಕನ್ ಮನೆಯ ಮಗಳು. ತಂದೆಗೆ ಆ ದೇಶದಲ್ಲಿ ನೆಲೆಸಲು ಕಾಗದಪತ್ರಗಳಿಲ್ಲ. ವಲಸೆಗಾರರ ಮನೆಗಳಲ್ಲಿ ರಾತ್ರಿ ನಿದ್ದೆ ಕೆಡಿಸುವ ಈ ಭಯವನ್ನು ಕಥೆಯ ಹೃದಯದಲ್ಲಿಟ್ಟರು. ಕೊಂಡು ತಂದ ಕಥೆ ಹೀಗೆ ಅವರದೇ ಆಯಿತು. ಆ ನಾಲ್ಕು ಕೋಟಿ ಜನರನ್ನು ಲೆಕ್ಕದ ಪುಸ್ತಕದಲ್ಲಿ ಎಣಿಸಿದ ಜಾಲದ ಕಥೆಗಳಲ್ಲಿ ಅವರ ಬಾಳಿಗೆ ಸ್ಥಳವಿರಲಿಲ್ಲ. 'ಫ್ಯಾಷನ್ ಹೌಸ್'ನ ಸಿರಿವಂತರು ಯಾವ ಊರಿನವರಾಗಿದ್ದರೂ ನಡೆಯುತ್ತಿತ್ತು.

'ಅಗ್ಲಿ ಬೆಟಿ'ಯ ಗೆಲುವನ್ನು ಇಂಗ್ಲಿಷ್ ಟೆಲಿನೊವೆಲದ ಗೆಲುವೆಂದು ಕರೆಯಬಹುದೇ ಎಂಬುದು ವಾದಕ್ಕೆ ಎಡೆಯುಳ್ಳ ಪ್ರಶ್ನೆ. ದಿನವೂ ಬರುವುದು ಆ ರೂಪದ ಪ್ರಾಣವೆನ್ನುವವರು ಒಪ್ಪಲಾರರು. ರೂಪಾಂತರವೆಂದ ಮೇಲೆ ಅಷ್ಟು ಬಿಡಲೇಬೇಕೆನ್ನುವುದು ನನ್ನ ಅಭಿಪ್ರಾಯ. ಇದೇ ದಾರಿಯಲ್ಲಿ ವೆನಿಜುವೆಲಾದ 2002ರ ಕಥೆಯೊಂದನ್ನು ಆಧರಿಸಿದ 'ಜೇನ್ ದ ವರ್ಜಿನ್' 2014ರಿಂದ 2019ರವರೆಗೆ ವಾರಕ್ಕೊಂದರಂತೆ ನೂರು ಕಂತುಗಳನ್ನು ಮುಗಿಸಿತು. ಅದು ಪ್ರಸಾರವಾದುದು ಸಿಡಬ್ಲ್ಯು ಜಾಲದಲ್ಲಿ, ಅಂದರೆ 2006ರಲ್ಲಿ ಫಾಕ್ಸಿನ ನಿಲ್ದಾಣಗಳನ್ನು ಹೊರಗಿಟ್ಟು ಕಟ್ಟಿದ ಆ ಜಾಲದಲ್ಲಿಯೇ. ಮೈನೆಟ್‌ವರ್ಕ್‌ಟಿವಿಯಾದರೋ 2008ರಲ್ಲಿ ಕುಸ್ತಿಯ ಕಾರ್ಯಕ್ರಮಕ್ಕೆ ಮೊರೆಹೊಕ್ಕು, 2009ರಿಂದ ಜಾಲವೆಂಬ ಹೆಸರನ್ನೂ ಬಿಟ್ಟು, ಬೇರೆಯವರ ಹಳೆಯ ಕಾರ್ಯಕ್ರಮಗಳನ್ನು ಮತ್ತೆ ತೋರಿಸುವ ಕೆಲಸಕ್ಕೆ ಇಳಿಯಿತು.