ಚಳಿಗಾಲದಲ್ಲಿ ಗಿಟಾರ್ ರವಾನೆ: ಬಿರುಕು ಬಿಟ್ಟರೆ ನಷ್ಟ ಯಾರದು?

ಬೆಂಗಳೂರಿನ ತಯಾರಕನೊಬ್ಬ ಎರಡು ಸಾವಿರ ಡಾಲರ್ ಬೆಲೆಯ ಗಿಟಾರೊಂದನ್ನು ಜನವರಿ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗ್ರಾಹಕನಿಗೆ ವಿಮಾನದ ಮೂಲಕ ಕಳುಹಿಸಿದನೆಂದು ಭಾವಿಸಬಹುದು. ಆ ದಿನಗಳಲ್ಲಿ ಅಲ್ಲಿನ ಉಷ್ಣಾಂಶ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಪೆಟ್ಟಿಗೆ ಎಲ್ಲಿಯೂ ಜಜ್ಜಿಲ್ಲ, ಹರಿದಿಲ್ಲ. ಗ್ರಾಹಕ ಸಹಿ ಹಾಕಿ ಪಡೆದು, ಬೆಚ್ಚಗಿನ ಕೋಣೆಯಲ್ಲಿ ಆತುರದಿಂದ ತೆರೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ವಾದ್ಯದ ಹೊಳಪಿನ ಮೇಲೆ ಜೇಡರಬಲೆಯಂತಹ ಸೀಳುಗೆರೆಗಳು ಮೂಡುತ್ತವೆ. ಸಾಗಣೆದಾರನನ್ನು ಕೇಳಿದರೆ ಪೆಟ್ಟಿಗೆ ಸುಸ್ಥಿತಿಯಲ್ಲಿತ್ತು ಎನ್ನುತ್ತಾನೆ. ವಿಮಾ ಸಂಸ್ಥೆಯನ್ನು ಕೇಳಿದರೆ ಅದು ಸರಕಿನ ಸ್ವಭಾವ ಎನ್ನುತ್ತದೆ. ಇಬ್ಬರ ಮಾತಿಗೂ ಕಾನೂನಿನಲ್ಲಿ ಆಧಾರವಿದೆ ಎಂಬುದೇ ರಫ್ತುದಾರನು ಮೊದಲು ಅರಿಯಬೇಕಾದ ಸಂಗತಿ.

ಚಳಿಗಾಲದ ಹಾನಿ ಒಂದೇ ಬಗೆಯದಲ್ಲ. ಹಠಾತ್ ಉಷ್ಣಾಂಶ ಬದಲಾವಣೆಯಿಂದ ಆಗುವ ಹಾನಿ ಮೊದಲನೆಯದು. ಮರ ಮತ್ತು ಅದರ ಮೇಲಿನ ಲೇಪ ಒಂದೇ ಪ್ರಮಾಣದಲ್ಲಿ ಕುಗ್ಗಿ ಹಿಗ್ಗುವುದಿಲ್ಲವಾದ್ದರಿಂದ ಲೇಪ ಸೀಳುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಸಿದ ವಾದ್ಯಗಳಲ್ಲಿ ಈ ತೊಂದರೆ ಹೆಚ್ಚು. ಇದರೊಂದಿಗೆ ತೇವವೂ ಸೇರುತ್ತದೆ. ಕೋಣೆಯ ಉಷ್ಣಾಂಶ 20 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಲ್ಲಿ, ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ನೀರು ಹನಿಗಟ್ಟುತ್ತದೆ. ಹಿಮದಲ್ಲಿ ರಾತ್ರಿ ಕಳೆದು ಬಂದ ಗಿಟಾರಿನ ಮೇಲೆ ಹನಿಗಟ್ಟದಿದ್ದರೆ ಆಶ್ಚರ್ಯ.

ಎರಡನೆಯದು ನಿಧಾನದ ಹಾನಿ, ಮತ್ತು ಹೆಚ್ಚು ದುಬಾರಿಯಾದದ್ದು. ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಗಾಳಿ ಒಂದು ಘನ ಮೀಟರಿಗೆ ಎರಡೂವರೆ ಗ್ರಾಮಿಗಿಂತ ಕಡಿಮೆ ನೀರಾವಿಯನ್ನು ಹಿಡಿದಿಡಬಲ್ಲುದು. 20 ಡಿಗ್ರಿಯ ಗಾಳಿಗೆ ಸುಮಾರು 17 ಗ್ರಾಂ ಹಿಡಿಸುತ್ತದೆ. ಆ ತಣ್ಣನೆಯ ಗಾಳಿಯನ್ನೇ ಮನೆಯೊಳಗೆ ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 15ರ ಆಸುಪಾಸಿಗೆ ಇಳಿಯುತ್ತದೆ. ಮರ ಆ ಗಾಳಿಗೆ ತನ್ನ ತೇವವನ್ನು ಬಿಟ್ಟುಕೊಡುತ್ತದೆ. ಶೇ. 75 ಆರ್ದ್ರತೆಯಲ್ಲಿ ಮರದ ತೇವಾಂಶ ಸುಮಾರು ಶೇ. 14, ಶೇ. 20 ಆರ್ದ್ರತೆಯಲ್ಲಿ ಶೇ. 4.5ರಷ್ಟು ಮಾತ್ರ. ಮುಂಬದಿಗೆ ಬಳಸುವ ಸ್ಪ್ರೂಸ್ ಹಲಗೆಯ ಅಗಲ ಸುಮಾರು 40 ಸೆಂ.ಮೀ. ಈ ಅಂತರದಲ್ಲಿ ಅದು ಐದು ಮಿಲಿಮೀಟರಿಗಿಂತ ಹೆಚ್ಚು ಕುಗ್ಗಬಯಸುತ್ತದೆ. ಆದರೆ ಒಳಗಿನ ಅಡ್ಡಪಟ್ಟಿಗಳೂ ಅಂಚಿನ ಅಂಟೂ ಅದನ್ನು ಬಿಡುವುದಿಲ್ಲ, ಪರಿಣಾಮ ಬಿರುಕು. ಅದಕ್ಕೆ ಮೊದಲೇ ಫ್ರೆಟ್‌ಗಳ ತುದಿಗಳು ಕೈಗೆ ಚುಚ್ಚತೊಡಗುತ್ತವೆ, ಮುಂಬದಿಯ ಹಲಗೆ ಒಳಕ್ಕೆ ತಗ್ಗುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟ. ಮಳೆಗಾಲದ ತೇವದಲ್ಲಿ ಜೋಡಿಸಿದ ವಾದ್ಯವನ್ನು ಚಳಿಗಾಲದಲ್ಲಿ ಕಳುಹಿಸಿದರೆ, ಎಷ್ಟು ಭದ್ರವಾಗಿ ಕಟ್ಟಿದರೂ ಫಲವಿಲ್ಲ. ಹೆಸರಾಂತ ಅಮೆರಿಕನ್ ತಯಾರಕರು ತಮ್ಮ ವಾದ್ಯಗಳಿಗೆ ಶೇ. 45ರಿಂದ 55ರ ಆರ್ದ್ರತೆಯನ್ನು ಶಿಫಾರಸು ಮಾಡುತ್ತಾರೆ. ಕಾರ್ಯಾಗಾರದ ಒಂದು ಕೋಣೆಯನ್ನಾದರೂ ಆ ಮಟ್ಟದಲ್ಲಿಟ್ಟು, ಪ್ರತಿದಿನದ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಈ ಪುಸ್ತಕಕ್ಕೆ ವಿವಾದ ಬಂದಾಗ ಖಾತೆಪುಸ್ತಕದಷ್ಟೇ ಬೆಲೆಯುಂಟು.

ಇನ್ನು ಹೊಣೆಯ ಪ್ರಶ್ನೆ. ಸಾಗರ ವಿಮಾ ಅಧಿನಿಯಮ, 1963ರ ಕಲಂ 55ರ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸರಕಿನ ಸ್ವಭಾವದಿಂದಲೇ ಉಂಟಾದ ಹಾನಿಗೆ ವಿಮೆಗಾರ ಹೊಣೆಯಲ್ಲ. ವಿಳಂಬದಿಂದಾದ ನಷ್ಟಕ್ಕೂ ಅಲ್ಲ. ಸಾಮಾನ್ಯವಾಗಿ ಬಳಸುವ ವಾಯು ಸರಕು ವಿಮಾ ಷರತ್ತುಗಳಲ್ಲಿ ಅಸಮರ್ಪಕ ಪ್ಯಾಕಿಂಗ್ ಕೂಡ ಹೊರಗುಳಿಯುತ್ತದೆ. ‘ಆಲ್ ರಿಸ್ಕ್ಸ್’ ಎಂಬ ಪದ ಕಂಡು ಸಮಾಧಾನಪಡುವ ವರ್ತಕರೇ ಹೆಚ್ಚು. ಆ ಪದ ಈ ಹೊರಗಿಡುವಿಕೆಗಳನ್ನು ಅಳಿಸುವುದಿಲ್ಲ. ಚಳಿ ಹೊರಗಿನ ಕಾರಣ, ಮರದ ದೋಷವಲ್ಲ ಎಂದು ವಾದಿಸಲು ಅವಕಾಶವಿದೆ, ನಿಜ. ಆದರೆ ವಾದಿಸುವುದಕ್ಕಿಂತ, ಉಷ್ಣಾಂಶ ಮತ್ತು ಆರ್ದ್ರತೆಯ ಬದಲಾವಣೆಯಿಂದಾಗುವ ಹಾನಿಯನ್ನು ಒಳಗೊಳ್ಳುವ ಪ್ರತ್ಯೇಕ ಷರತ್ತನ್ನು ಮೊದಲೇ ಕೇಳಿ ಬರೆಸಿಕೊಳ್ಳುವುದು ಅಗ್ಗ.

ಸಾಗಣೆದಾರನ ಹೊಣೆ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಒಳಪಡುತ್ತದೆ. ಭಾರತಕ್ಕೆ ಅದು 2009ರಿಂದ ಅನ್ವಯಿಸುತ್ತಿದೆ. ಸರಕಿನ ಸ್ವಂತ ದೋಷದಿಂದ ಅಥವಾ ಕಳುಹಿಸುವವನ ಕೆಟ್ಟ ಪ್ಯಾಕಿಂಗಿನಿಂದ ಹಾನಿಯಾಯಿತೆಂದು ರುಜುವಾತುಪಡಿಸಿದರೆ ಸಾಗಣೆದಾರ ಪಾರಾಗುತ್ತಾನೆ. ಹೊಣೆ ಸಾಬೀತಾದರೂ ಮಿತಿ ಉಂಟು. 2024ರ ಡಿಸೆಂಬರ್ 28ರಿಂದ ಅದು ಕಿಲೋಗ್ರಾಮಿಗೆ 26 ಎಸ್‌ಡಿಆರ್. ಎಂಟು ಕಿಲೋ ತೂಗುವ ಪೆಟ್ಟಿಗೆಗೆ 208 ಎಸ್‌ಡಿಆರ್, ಅಂದರೆ ಮೇಲಿನ ವಾದ್ಯದ ಬೆಲೆಯ ಆರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ರವಾನೆಯ ವೇಳೆ ಮೌಲ್ಯವನ್ನು ವಿಶೇಷವಾಗಿ ಘೋಷಿಸಿ, ಹೆಚ್ಚುವರಿ ಶುಲ್ಕ ಕಟ್ಟಿದರೆ ಮಾತ್ರ ಈ ಮಿತಿ ದಾಟುತ್ತದೆ. ಹಾನಿಯ ದೂರನ್ನು ಸರಕು ಪಡೆದ 14 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು.

ಉಳಿದವರು ಮಾರಾಟಗಾರ ಮತ್ತು ಖರೀದಿದಾರ. ಭಾರತೀಯ ಕಾನೂನು ಅನ್ವಯಿಸುವ ಕರಾರಿನಲ್ಲಿ, ಸರಕು ಮಾರಾಟ ಅಧಿನಿಯಮ, 1930ರ ಕಲಂ 40 ಮಾರಾಟಗಾರನ ಪರವಾಗಿದೆ: ದೂರದ ಊರಿಗೆ ತನ್ನ ಹೊಣೆಯಲ್ಲೇ ತಲುಪಿಸಲು ಒಪ್ಪಿದ್ದರೂ, ಬೇರೆ ಕರಾರಿಲ್ಲದಿದ್ದಲ್ಲಿ, ಸಾಗಣೆಗೆ ಅನಿವಾರ್ಯವಾಗಿ ಅಂಟಿಕೊಂಡ ಕೆಡುವಿಕೆಯ ಅಪಾಯ ಖರೀದಿದಾರನದು. ಆದರೆ ಕಲಂ 39ನ್ನು ಮರೆಯುವಂತಿಲ್ಲ. ಸರಕಿನ ಸ್ವಭಾವಕ್ಕೆ ತಕ್ಕ ಸಾಗಣೆ ಕರಾರನ್ನು ಮಾರಾಟಗಾರ ಮಾಡದೆ ಹೋದರೆ, ಖರೀದಿದಾರ ಪರಿಹಾರ ಕೇಳಬಹುದು. ಜನವರಿಯಲ್ಲಿ ಅತಿ ಅಗ್ಗದ, ಅತಿ ನಿಧಾನದ ಸೇವೆಯನ್ನು ಆರಿಸಿದವನಿಗೆ ಕಲಂ 40ರ ಆಸರೆ ದುರ್ಬಲ. ಇನ್‌ವಾಯ್ಸ್‌ಗಳಲ್ಲಿ ಇಂದಿಗೂ ‘ಎಫ್‌ಒಬಿ ಬೆಂಗಳೂರು’ ಎಂದು ಬರೆಯುವ ರೂಢಿಯೂ ನಿಲ್ಲಬೇಕು. ಇನ್‌ಕೋಟರ್ಮ್ಸ್ 2020ರಲ್ಲಿ ಎಫ್‌ಒಬಿ ಜಲಸಾರಿಗೆಗೆ ಮೀಸಲು, ಬೆಂಗಳೂರಿನಲ್ಲಿ ಸಮುದ್ರವಿಲ್ಲ. ವಿಮಾನ ರವಾನೆಗೆ ಎಫ್‌ಸಿಎ, ಸಿಪಿಟಿ ಅಥವಾ ಸಿಐಪಿ ಸೂಕ್ತ. ಮೂರರಲ್ಲೂ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದೊಡನೆ ಅಪಾಯ ಖರೀದಿದಾರನಿಗೆ ವರ್ಗವಾಗುತ್ತದೆ.

ಪ್ಯಾಕಿಂಗ್ ವಿಷಯದಲ್ಲಿ ಖರ್ಚು ದೊಡ್ಡದಲ್ಲ. ತಂತಿಗಳನ್ನು ತುಸು ಸಡಿಲಿಸಿ, ಆರ್ದ್ರತೆಯನ್ನು ಸಮತೋಲದಲ್ಲಿಡುವ ಪೊಟ್ಟಣವನ್ನು ಗಟ್ಟಿ ಕೇಸಿನೊಳಗಿಟ್ಟು, ಕತ್ತಿನ ತುದಿಯ ಸುತ್ತ ಅಲುಗದಂತೆ ಕಾಗದ ತುಂಬಬೇಕು. ಕೇಸನ್ನು ಪಾಲಿಥೀನ್ ಚೀಲದಲ್ಲಿ ಮುಚ್ಚಿದರೆ ಹನಿ ಚೀಲದ ಹೊರಗೆ ಕಟ್ಟುತ್ತದೆ, ವಾದ್ಯದ ಮೇಲಲ್ಲ. ಅದರ ಹೊರಗೆ ಒಂದರೊಳಗೊಂದು ಎರಡು ರಟ್ಟಿನ ಪೆಟ್ಟಿಗೆಗಳಿರಲಿ; ನಡುವಿನ ಜಾಗ ಚಳಿಯನ್ನು ತಡೆಯದಿದ್ದರೂ ಬದಲಾವಣೆಯ ವೇಗವನ್ನು ತಗ್ಗಿಸುತ್ತದೆ. ವಾರಾಂತ್ಯದಲ್ಲಿ ಕಾಯಿಸದ ಗೋದಾಮಿನಲ್ಲಿ ಬೀಳದಂತೆ ರವಾನೆಯ ದಿನವನ್ನು ಲೆಕ್ಕ ಹಾಕುವುದೂ ಮುಖ್ಯ. ಹಿಂಬದಿಗೆ ನಮ್ಮ ಬೀಟೆ ಮರ ಬಳಸಿದ್ದರೆ ಕಾಗದಪತ್ರದ ಭಯ ಈಗ ಕಡಿಮೆ: 2017ರಲ್ಲಿ ಸೈಟಿಸ್ ನಿರ್ಬಂಧಕ್ಕೆ ಒಳಪಟ್ಟಿದ್ದ ಬೀಟೆಯ ಸಿದ್ಧ ಸಂಗೀತ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ದೊರೆತಿದೆ.

ಎಲ್ಲಕ್ಕಿಂತ ಅಗ್ಗದ ರಕ್ಷಣೆ ಒಂದು ಹಾಳೆ ಕಾಗದ. ‘ಪೆಟ್ಟಿಗೆಯನ್ನು ಮನೆಯೊಳಗೆ 24 ಗಂಟೆ ತೆರೆಯದೆ ಇಡಿ, ಹೊರಗೆ ಜಜ್ಜಿದ್ದರೆ ಸಹಿ ಮಾಡುವಾಗಲೇ ಬರೆದು ಚಿತ್ರ ತೆಗೆಯಿರಿ’ ಎಂಬ ಸೂಚನೆಯನ್ನು ಗ್ರಾಹಕನ ಭಾಷೆಯಲ್ಲಿ ಪೆಟ್ಟಿಗೆಯ ಮೇಲೆ ಅಂಟಿಸಿ, ಇನ್‌ವಾಯ್ಸ್‌ನಲ್ಲೂ ಮುದ್ರಿಸಿ, ಇ-ಮೇಲ್ ಮೂಲಕ ಒಪ್ಪಿಗೆ ಪಡೆಯಬೇಕು. ಒಂದು ದಿನ ಕಾದರೆ 14 ದಿನಗಳ ಗಡುವಿಗೆ ಧಕ್ಕೆಯಿಲ್ಲ. ಒಂದು ತಿಂಗಳ ನಂತರ ಒಣಗಿ ಬಿರಿದ ಹಲಗೆಯ ದೂರು ಬಂದಾಗ, ಅದು ಸಾಗಣೆಯ ಹಾನಿಯೋ ಕೋಣೆಯ ಹಾನಿಯೋ ಎಂಬುದನ್ನು ಈ ಪತ್ರಗಳೇ ಹೇಳುತ್ತವೆ. ಸಂಬಂಧ ಉಳಿಸಿಕೊಳ್ಳಲು ಬೆಲೆ ಇಳಿಸಿಕೊಡುವುದೇ ಆದಲ್ಲಿ, ಆ ಕಡಿತವನ್ನು ಫೋನಿನಲ್ಲಿ ಒಪ್ಪಿ ಬಿಡದೆ, ರಫ್ತು ದಾಖಲೆ ಸಲ್ಲಿಸಿದ ಬ್ಯಾಂಕಿಗೆ ಕಾರಣಸಹಿತ ಬರೆದು ಇನ್‌ವಾಯ್ಸ್ ಮೌಲ್ಯವನ್ನು ಕ್ರಮಬದ್ಧವಾಗಿ ಇಳಿಸಿಕೊಳ್ಳಬೇಕು. ಇಲ್ಲವಾದರೆ ಬಾರದ ಆ ಡಾಲರುಗಳು ಬ್ಯಾಂಕಿನ ಬಾಕಿ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.